ಟೈಲರಮ್ಮ ಎತ್ತಿಕೊಂಡು ಬಂದ ಬುಟ್ಟಿ

ಗೋಡೆಯಾಚೆ ಕೋಳಿ ಕೂಗಿದರೆ ಸಾಕು, ಟೈಲರಮ್ಮನ ಹೊಲಿಗೆ ಡೊಂಕಾಗುತ್ತಿತ್ತು.

ಅದು ಮೊಟ್ಟೆ ಇಟ್ಟ ಕೂಗು. ಗೋಡೆಯಾಚೆ ಇರುವವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಹಿತ್ತಲನ್ನು ಎರಡು ಮಾಡಿ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದ್ದರು. ಇಬ್ಬರದೂ ಒಂದೇ ತಾಯಿಕೋಳಿಯ ಮರಿಗಳು, ಅದೇ ನುಚ್ಚು, ಅದೇ ನೀರು. ಆದರೂ ಆಚೆಯವು ಮಿರಮಿರ ಮಿಂಚುತ್ತಿದ್ದವು. ಈಚೆಯವು ಮನಸ್ಸು ಬಂದಾಗ ಒಂದು ಮೊಟ್ಟೆ ಇಡುತ್ತಿದ್ದವು.

ಅತ್ತೆ ಬೇರೆ, ಉರಿಯುವ ಬೆಂಕಿಗೆ ತುಪ್ಪ. "ಚಿಕ್ಕೋಳ ಮೊಟ್ಟೆ ಒಡೆದ್ರೆ ಒಳಗೆ ಸೂರ್ಯ ಹುಟ್ಟಿದ ಹಾಗಿರುತ್ತೆ."

"ನಮ್ಮ ಮೊಟ್ಟೇಲಿ ಏನು, ಅಮಾವಾಸ್ಯೆನಾ?" ಅಂದಳು ಟೈಲರಮ್ಮ.

ಹೀಗಿರುವಾಗ ಒಂದು ಸಂಜೆ ಓರಗಿತ್ತಿ ತನ್ನ ಕೋಳಿಗಳು ಮೊಟ್ಟೆ ಇಡುವ ಬುಟ್ಟಿಯನ್ನು ಹುಲ್ಲಿನ ಸಮೇತ ಕಸದ ಪಕ್ಕ ತಂದಿಟ್ಟಳು. ಟೈಲರಮ್ಮ ಕಿಟಕಿಯಿಂದ ನೋಡಿದಳು. 'ಓಹೋ, ಗುಣವೆಲ್ಲ ಈ ಬುಟ್ಟಿಯದ್ದು. ಸೊಕ್ಕು ನೋಡು, ಅದನ್ನೂ ಎಸೀತಾಳೆ.' ಅಂಚು ಹೊಲಿಯಲು ಬಂದಿದ್ದ ಬೆಡ್‌ಶೀಟನ್ನೇ ಹೊದಿಸಿ ಬುಟ್ಟಿಯನ್ನು ಎತ್ತಿಕೊಂಡು ಬಂದಳು. ಕಾವಿಗೆ ಕೂತಿದ್ದ ತನ್ನ ಮುದ್ದಿನ ಕಂದು ಕೋಳಿ 'ಮಹಾರಾಣಿ'ಯನ್ನು ಮೊಟ್ಟೆಗಳ ಸಮೇತ ಅದರಲ್ಲಿ ಕೂರಿಸಿದಳು. ಆ ದಿನ ಅವಳಿಗೆ ಸುಖನಿದ್ದೆ.

ಕೋಳಿಗಳಿಗೆ ಮಾತ್ರ ನಿದ್ದೆ ಹೋಯಿತು. ಸ್ವಲ್ಪ ದಿನ ಕಳೆಯುವುದರೊಳಗೆ ಅವು ಕತ್ತಲಾದರೂ ಗೂಡು ಹೊಗದೆ ಗೋಡೆ ಮೇಲೆ ಕೂರತೊಡಗಿದವು. ಮಹಾರಾಣಿ ಮಾತ್ರ ಮೊಟ್ಟೆ ಬಿಟ್ಟು ಏಳಲಿಲ್ಲ. ಅದರ ಕೆಂಪು ಜುಟ್ಟು ಒಗೆದೊಗೆದು ಬಣ್ಣ ಹೋದ ಬಟ್ಟೆಯಂತಾಯಿತು. ಒಂದು ಬೆಳಿಗ್ಗೆ ಕತ್ತು ಎತ್ತಲಾಗದೆ ಬುಟ್ಟಿಯ ಅಂಚಿಗೆ ಒರಗಿಬಿಟ್ಟಿತ್ತು.

ಎತ್ತಿಕೊಂಡರೆ ಹತ್ತಿಯ ಹಾಗೆ ಹಗುರ. ಟೈಲರಮ್ಮನ ಕೈಯೆಲ್ಲ ತುರಿಕೆ. ಅವಳು ಒಳಗಿನಿಂದ ತಿಗಣೆಗೆ ಹೊಡೆಯುವ ಔಷಧಿ ತಂದಳು.

"ಅಕ್ಕಾ, ಆ ಬಾಟಲಿ ಕೆಳಗಿಡು." ಗೋಡೆಯ ಮೇಲೆ ಓರಗಿತ್ತಿಯ ತಲೆ.

"ನನ್ನ ಕೋಳಿ, ನನ್ನ ಬಾಟಲಿ."

"ಕೋಳಿ ನಿಂದೇ. ಅದಕ್ಕೇ ಹೇಳ್ತಿರೋದು. ಅದನ್ನ ಹೊಡೆದ್ರೆ ಹುಳಕ್ಕಿಂತ ಮೊದಲು ಕೋಳಿನೇ ಹೋಗುತ್ತೆ."

ಸುತ್ತು ಹಾಕಿಕೊಂಡು ಬಂದವಳು ಗೂಡಿನೊಳಗೆ ಬಗ್ಗಿದಳು. "ಈ ಬುಟ್ಟಿ..."

"ನಾನೂ ಒಂದು ತಗೊಂಡೆ. ಪೇಟೇಲಿ."

"ಪೇಟೇಲಿ ಹಿಡಿಗೆ ನಮ್ಮನೆ ಹಳೇ ಪರದೆ ಸುತ್ತಿ ಕೊಡ್ತಾರಾ? ನೀನೇ ಹೊಲಿದ ಪರದೆ ಅಕ್ಕ."

ಟೈಲರಮ್ಮ ಸೆರಗಿನಿಂದ ಆ ಹಿಡಿಯನ್ನು ಮುಚ್ಚಲು ನೋಡಿದಳು.

"ನುಸಿ ಬಿದ್ದಿತ್ತು ಅಂತ ಸುಡೋಕೆ ಇಟ್ಟಿದ್ದೆ. ಗಾಳಿ ಜೋರಿತ್ತು, ಬೆಳಿಗ್ಗೆ ಸುಡೋಣ ಅಂದ್ಕೊಂಡೆ. ಎದ್ದು ನೋಡಿದ್ರೆ ಬುಟ್ಟಿನೇ ಇಲ್ಲ. ಗುಜರಿಯವನು ಒಯ್ದ ಅಂದ್ಕೊಂಡಿದ್ದೆ."

"ಯಾವ ನುಸಿ? ನನ್ನ ಕಣ್ಣಿಗೆ ಒಂದೂ ಕಾಣ್ತಿಲ್ಲ."

"ಹಗಲು ಕಾಣಲ್ಲ. ಒಂದು ಬಿಳಿ ಚಿಂದಿ ಕೊಡು."

ಟೈಲರ್ ಮನೆಯಲ್ಲಿ ಚಿಂದಿಗೇನು ಬರ. ಓರಗಿತ್ತಿ ಅದರಿಂದ ಕೋಳಿ ಕೂರುವ ಕೋಲಿನ ಅಡಿಭಾಗ ಒರೆಸಿ ತೋರಿಸಿದಳು. ಬಟ್ಟೆಯ ತುಂಬ ಕೆಂಪು ಗೀರು.

"ತುಕ್ಕಾ?"

"ಮರಕ್ಕೆ ಎಲ್ಲಿಯ ತುಕ್ಕು ಅಕ್ಕ? ನಿನ್ನ ಕೋಳಿಗಳ ರಕ್ತ. ಹಗಲೆಲ್ಲ ಸಂದಿಯಲ್ಲಿ ಅಡಗಿದ್ದು ಕತ್ತಲಾದ್ಮೇಲೆ ಬಂದು ಹೀರ್ತವೆ. ಉಳಿದ ಕೋಳಿ ಓಡಿಹೋಗಿ ಗೋಡೆ ಮೇಲೆ ಕೂತವು. ತಾಯಿ ಎಲ್ಲಿಗೆ ಓಡ್ತಾಳೆ?"

ಟೈಲರಮ್ಮ ಅಲ್ಲೇ ಕುಕ್ಕರಿಸಿದಳು. "ನಿನ್ನ ಕೋಳಿ ಒಂದು ದಿನವೂ ಸೊರಗಲಿಲ್ಲವಲ್ಲೇ?"

"ಸೊರಗೋ ತನಕ ಯಾಕೆ ಕಾಯ್ಲಿ? ವಾರಕ್ಕೊಂದ್ಸಲ ರೆಕ್ಕೆ ಎತ್ತಿ, ಬಾಲದ ಬುಡ ಬಿಡಿಸಿ ನೋಡ್ತೀನಿ. ಹೇನಿದ್ರೆ ಅಲ್ಲೇ ಓಡಾಡ್ತಿರುತ್ತೆ, ಪುಕ್ಕದ ಬುಡದಲ್ಲಿ ಸೀರು ಅಂಟಿರುತ್ತೆ. ಗೂಡಿನ ಸಂದಿನೂ ನೋಡ್ತೀನಿ. ದನದ ಡಾಕ್ಟ್ರು ಹೇಳಿಕೊಟ್ಟಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಹತ್ರ ಮಾತಾಡಿದ್ರೆ ತಾನೆ."

ಮಹಾರಾಣಿಯನ್ನೂ ಮೊಟ್ಟೆಗಳನ್ನೂ ಹೊಸ ಹುಲ್ಲಿನ ಪೆಟ್ಟಿಗೆಗೆ ಸಾಗಿಸಿದರು. ಬುಟ್ಟಿ, ಹಳೇ ಹುಲ್ಲು ಬೆಂಕಿಗೆ ಹೋದವು. ಖಾಲಿ ಗೂಡನ್ನು ಬಿಸಿಲಿಗೆಳೆದು, ಸಂದಿಗಳನ್ನು ದಬ್ಬಳದಿಂದ ಕೆದಕಿ, ಕುದಿಯುವ ನೀರು ಹೊಯ್ದರು. ಪಶು ಆಸ್ಪತ್ರೆಯ ಡಾಕ್ಟರು ಕೋಳಿಗೆಂದೇ ಇರುವ ಔಷಧಿ ಕೊಟ್ಟರು. ಸೊರಗಿದ ಒಂದಕ್ಕಷ್ಟೇ ಅಲ್ಲ, ಎಲ್ಲ ಕೋಳಿಗಳಿಗೂ ಹಾಕಬೇಕು ಅಂದರು. ಎಷ್ಟು ಹಾಕಬೇಕು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಹೇಳಿದರು. ಕೋಳಿಗಳು ಹೊರಳಾಡಲಿ ಅಂತ ನೆರಳಿನಲ್ಲಿ ಒಣ ನುಣ್ಣನೆ ಮಣ್ಣು ಹರಡಿದರು.

ವಾರ ಕಳೆದ ಮೇಲೆ ಓರಗಿತ್ತಿ ಮತ್ತೆ ನೀರು ಕಾಯಿಸಿ ತಂದಳು.

"ಒಂದ್ಸಲ ಸಾಕಲ್ವಾ?"

"ನುಸಿ ಸತ್ತರೂ ಅದರ ಮೊಟ್ಟೆ ಉಳಿದಿರುತ್ತೆ. ಹೊಲಿಗೆ ಹಾಕಿ ಗಂಟು ಹಾಕದೆ ಬಿಟ್ರೆ ನಿಲ್ಲುತ್ತಾ ಅಕ್ಕ?"

ಟೈಲರಮ್ಮ ಗೂಡಿನ ಇನ್ನೊಂದು ತುದಿ ಹಿಡಿದಳು.

ಒಂದೆರಡು ಮೊಟ್ಟೆ ಒಡೆಯಲೇ ಇಲ್ಲ. ಉಳಿದವು ಮರಿಯಾದವು. ಮಹಾರಾಣಿಯ ಜುಟ್ಟಿಗೆ ಮೆಲ್ಲಗೆ ಕೆಂಪು ಮರಳಿತು. ಅತ್ತೆ ಮರಿಗಳ ಮುಂದೆ ಕೂತರೆ ಏಳುತ್ತಲೇ ಇರಲಿಲ್ಲ.

ಗೋಡೆಯ ಮೇಲಿಂದ ಓರಗಿತ್ತಿ ನೋಡಿದಳು. "ನಿನ್ನ ಮರಿ ನನ್ನವಕ್ಕಿಂತ ದುಂಡಗಿವೆ."

"ಯಾಕೆ, ಹೊಟ್ಟೆ ಉರೀತಿದೆಯಾ?"

"ಸ್ವಲ್ಪ."

"ಉರೀಲಿ ಬಿಡು. ಬುಟ್ಟಿ ಮಾತ್ರ ಎತ್ತಿಕೊಂಡು ಹೋಗಬೇಡ."

ಕೋಳಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಂದು ಬಿಳಿ ಚಿಂದಿ ಹಿಡಿದು ನಿಮ್ಮ ಗೂಡಿನ ಕೋಲಿನ ಅಡಿ ಒರೆಸಿ ನೋಡಿ. ಕೆಂಪು ಕಂಡರೆ ಗೂಡು ಖಾಲಿ ಮಾಡಿ ತೊಳೆಯಿರಿ, ಪಶು ಆಸ್ಪತ್ರೆಗೆ ಹೋಗಿ. ತಿಗಣೆಯ ಔಷಧಿ, ಬೆಳೆಯ ಔಷಧಿ ಕೋಳಿಯ ಮೈಗೆ ಬೇಡವೇ ಬೇಡ. ಪಕ್ಕದವರ ಕೋಳಿ ಕಂಡು ಹೊಟ್ಟೆಕಿಚ್ಚು ಬಂದರೆ ಬರಲಿ, ಗೋಡೆಯ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾರಿಗೂ ನುಸಿ ಹತ್ತಿಲ್ಲ.