ಒಂದು ಸಲ ತಪ್ಪಿದರೆ

ಹೋಟೆಲಿನ ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಹಣ್ಣಿನ ಬುಟ್ಟಿ. ಬಾಳೆಹಣ್ಣು, ಕಿತ್ತಳೆ, ಒಣದ್ರಾಕ್ಷಿಯ ಪೊಟ್ಟಣ, ಮೇಲೊಂದು ಚೀಟಿ. ಅಕ್ಕ ಕನ್ನಡಕ ಏರಿಸಿಕೊಂಡು ಓದಿದಳು: "ಯುವ ಸಂಶೋಧಕಿಗೆ ಮೂತ್ರಪಿಂಡ ತಜ್ಞರ ಸಮ್ಮೇಳನದ ಹಾರ್ದಿಕ ಸ್ವಾಗತ." ಆಮೇಲೆ ಬುಟ್ಟಿಯನ್ನೂ ತಂಗಿಯನ್ನೂ ನೋಡಿ, "ಲೇ, ಇವ್ರು ನಿನ್ನನ್ನ ಸನ್ಮಾನ ಮಾಡೋಕೆ ಕರ್ಸಿದಾರೋ, ಕೊಲ್ಲೋಕೋ?" ಎಂದಳು. ಅಕ್ಕ ಬ್ಯಾಂಕಿನಲ್ಲಿ ಕ್ಯಾಷಿಯರ್. ಬಾಯಿ ಮಾತ್ರ ವಕೀಲರದ್ದು.

ಕಿಡ್ನಿ ಕೈಕೊಟ್ಟವರಿಗೆ ಆ ಬುಟ್ಟಿ ವಿಷವೇ. ಹಣ್ಣಿನ ಪೊಟ್ಯಾಸಿಯಂ ಹೊರಹೋಗಲು ದಾರಿಯಿಲ್ಲದೆ ರಕ್ತದಲ್ಲೇ ಉಳಿದು ಹೃದಯವನ್ನು ನಿಲ್ಲಿಸಿಬಿಡಬಹುದು. ಬೇರೆ ಯಾರಾದರೂ ಕಳಿಸಿದ್ದರೆ ತಂಗಿ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಕಳಿಸಿದವರು ಇಡೀ ಜೀವಮಾನ ಕಿಡ್ನಿಯ ಹೆಸರಲ್ಲೇ ಅನ್ನ ತಿಂದವರು. ಅವಳಿಗೆ ನಗು ಬರಲಿಲ್ಲ.

ಅವಳು ಡಾಕ್ಟರು, ರೋಗಿಯೂ ಹೌದು. ವಾರದಲ್ಲಿ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಡಯಾಲಿಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು ರಕ್ತ ತೊಳೆಸಿಕೊಳ್ಳುತ್ತಾಳೆ. ಉಳಿದ ದಿನ ಅದೇ ಕುರ್ಚಿಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಜೊತೆಯ ರೋಗಿಗಳು ಅವಳಿಗೆ ಇಟ್ಟ ಹೆಸರು 'ಅರ್ಧ ಡಾಕ್ಟ್ರು'. ಆ ಹೆಸರಿಟ್ಟವನು ಪಕ್ಕದ ಕುರ್ಚಿಯ ಬಸ್ ಡ್ರೈವರ್. ಆತ ಒಮ್ಮೆ ಮಗಳ ಮದುವೆಗೆಂದು ಒಂದು ಶುಕ್ರವಾರ ತಪ್ಪಿಸಿದ್ದ. ಸೋಮವಾರ ಕಾಲು, ಮುಖ ಊದಿಕೊಂಡು ಏದುಸಿರು ಬಿಡುತ್ತ ಬಂದಾಗ, ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಎಲ್ಲರೆದುರೇ ಅವನ ಮೇಲೆ ಹರಿಹಾಯ್ದಿದ್ದರು. "ಒಂದು ಸಲ ತಪ್ಪಿದ್ರೂ ಪ್ರಾಣ ಹೋಗುತ್ತೆ ಅಂತ ಎಷ್ಟು ಸಲ ಬಡ್ಕೋಬೇಕ್ರೀ ನಿಮ್ಗೆ? ಮಗಳ ಮದುವೆ ಮಾಡಿ ನೀವು ಸತ್ರೆ ಆ ಹುಡುಗಿ ಏನ್ ಮಾಡ್ಬೇಕು?" ಡ್ರೈವರ್ ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ತಲೆತಗ್ಗಿಸಿ ಕೂತಿದ್ದ. ಆಮೇಲೆ ಒಂದೇ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಆದರೂ ಒಂದು ಸೋಮವಾರ ಬೆಳಗ್ಗೆ, ಆಸ್ಪತ್ರೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿರುವಾಗಲೇ ಹೋಗಿಬಿಟ್ಟ.

ತಪ್ಪಿಸದವನೂ ಯಾಕೆ ಸತ್ತ? ಆ ಪ್ರಶ್ನೆಯಿಂದಲೇ ಅವಳ ಅಧ್ಯಯನ ಹುಟ್ಟಿತು. ಶನಿವಾರ, ಭಾನುವಾರ ಯಂತ್ರಕ್ಕೆ ಬಿಡುವು ಕೊಡುವ ಪದ್ಧತಿ ಬಹಳ ಕಡೆ ಇದೆ. ಆ ಉದ್ದದ ಅಂತರ ಮುಗಿಯುವ ಹೊತ್ತಿನಲ್ಲೇ ಹೆಚ್ಚು ಜನ ಸಾಯುತ್ತಾರೆ ಎಂದು ಅವಳು ಹತ್ತಾರು ಆಸ್ಪತ್ರೆಗಳ ದಾಖಲೆ ಕೆದಕಿ ತೋರಿಸಿದಳು. ಪ್ರಬಂಧದಲ್ಲಿ ಮೊದಲ ಹೆಸರು ಅವಳದು, ಕೊನೆಯದು ದೊಡ್ಡ ಡಾಕ್ಟರದು. ಅದಕ್ಕೇ ಈ ಯುವ ಸಂಶೋಧಕ ಪ್ರಶಸ್ತಿ, ಬಂದು ಹೋಗಲು ಪ್ರಯಾಣ ಧನಸಹಾಯ, ಜೊತೆಗೆ ಅಧ್ಯಯನವನ್ನು ಇನ್ನೆರಡು ವರ್ಷ ನಡೆಸಲು ಅನುದಾನ. ಆ ಅನುದಾನವಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಷರತ್ತು ಒಂದೇ: ಪ್ರಶಸ್ತಿಯನ್ನು ಖುದ್ದಾಗಿ ವೇದಿಕೆಗೆ ಬಂದು ತೆಗೆದುಕೊಳ್ಳಬೇಕು, ಗೈರಾದವರದು ರದ್ದು.

ಸಮಾರಂಭ ಇಟ್ಟದ್ದು ಶುಕ್ರವಾರ ಸಂಜೆ ಐದಕ್ಕೆ.

ಪತ್ರ ಬಂದ ದಿನವೇ ಅವಳು ಉತ್ತರ ಬರೆದಿದ್ದಳು: ಶುಕ್ರವಾರ ನನಗೆ ಡಯಾಲಿಸಿಸ್ ಬೇಕು, ಅಲ್ಲಿಯ ಆಸ್ಪತ್ರೆಯಲ್ಲಿ ಒಂದು ಕುರ್ಚಿ ಕಾದಿರಿಸಿ. 'ತಮ್ಮ ವಿಶೇಷ ಅಗತ್ಯವನ್ನು ಗಮನಿಸಲಾಗಿದೆ' ಎಂಬ ಉತ್ತರ ಬಂತು. ಮತ್ತೆ ಬರೆದಳು, ಮತ್ತೆ ಗಮನಿಸಲಾಯಿತು. ಬಂದು ನೋಡಿದರೆ ಕುರ್ಚಿಯನ್ನೇನೋ ಕಾದಿರಿಸಿದ್ದರು, ಸಭಾಂಗಣದ ಮೊದಲ ಸಾಲಿನಲ್ಲಿ, ಅವಳ ಹೆಸರು ಅಂಟಿಸಿ.

ಶುಕ್ರವಾರ ಬೆಳಗ್ಗೆ ಸಮ್ಮೇಳನದ ಕಾರ್ಯದರ್ಶಿಯನ್ನು ಹುಡುಕಿಕೊಂಡು ಅವಳು ಪ್ರದರ್ಶನ ಮಳಿಗೆಗಳನ್ನು ದಾಟಬೇಕಾಯಿತು. ಅಲ್ಲಿ ಸಾಲಾಗಿ ಹೊಚ್ಚಹೊಸ ಡಯಾಲಿಸಿಸ್ ಯಂತ್ರಗಳು, ಒಂದೊಂದಕ್ಕೂ ರಿಬ್ಬನ್ನು. ಟೈ ಕಟ್ಟಿದ ಮಾರಾಟಗಾರ ಓಡಿಬಂದ. "ಬನ್ನಿ ಮೇಡಂ, ಕೂತು ನೋಡಿ. ಎಷ್ಟು ಆರಾಮ ಅಂತೀರಾ!"

"ನೀರಿನ ಲೈನ್ ಇದ್ಯಾ? ನೀರಿಲ್ದೆ ರಕ್ತ ತೊಳ್ಯೋಕಾಗಲ್ಲ."

"ಇಲ್ಲ ಮೇಡಂ. ಇದು ಬರೀ ತೋರ್ಸೋಕೆ."

ತೋರಿಸುವುದಕ್ಕೆ! ಇಷ್ಟು ಯಂತ್ರ, ಇಷ್ಟು ಡಾಕ್ಟರು, ಗೋಡೆಗೋಡೆಗೂ ಕಿಡ್ನಿಯ ಚಿತ್ರ. ಕಿಡ್ನಿಯಿಲ್ಲದ ಒಬ್ಬಳು ಬಂದರೆ ಅವಳನ್ನು ಎಲ್ಲಿ ಮಲಗಿಸುವುದು ಎಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕಾರ್ಯದರ್ಶಿ ಕೊರಳಿಗೆ ಮೂರು ಬ್ಯಾಡ್ಜು ನೇತುಹಾಕಿಕೊಂಡ ಮನುಷ್ಯ. ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಅಯ್ಯೋ, ನಾವು ಊಟದ ವಿಷಯ ಅಂದ್ಕೊಂಡ್ವಿ." ಅಕ್ಕ ಬಾಯಿ ತೆರೆಯುವುದರೊಳಗೆ ತಂಗಿಯೇ ಪಕ್ಕದ ಆಸ್ಪತ್ರೆಗೆ ಫೋನು ಮಾಡಿದಳು. ಅಲ್ಲಿಯ ಸಿಸ್ಟರ್ ಒಳ್ಳೆಯವಳು, ಆದರೆ ಅವಳ ಕೈ ಕಟ್ಟಿಹೋಗಿತ್ತು. "ನಮ್ಮ ಡಾಕ್ಟ್ರುಗಳು, ಅರ್ಧ ಸ್ಟಾಫು, ಎಲ್ಲಾ ನಿಮ್ಮ ಸಮ್ಮೇಳನದಲ್ಲೇ ಇದಾರಲ್ಲಮ್ಮ. ಐದು ಗಂಟೆಗೆ ಒಂದು ಕುರ್ಚಿ ಖಾಲಿ ಆಗುತ್ತೆ. ಬಂದ್ರೆ ಆಗ್ಲೇ ಬನ್ನಿ, ಆಮೇಲೆ ಸೋಮವಾರವೇ."

"ಹಾಗಾದ್ರೆ ಮೊದಲು ನನ್ನ ಹೆಸರು ಕೂಗಿ. ನಾಲ್ಕೂವರೆಗೇ ಕೊಟ್ಟು ಕಳಿಸ್ಬಿಡಿ," ಎಂದಳು ಕಾರ್ಯದರ್ಶಿಗೆ.

"ಮುಖ್ಯ ಅತಿಥಿಗಳು ಬರೋದೇ ಐದಕ್ಕೆ. ರೂಲ್ಸು ನನ್ನ ಕೈಯಲ್ಲಿಲ್ಲಮ್ಮ."

ಉಳಿದದ್ದು ದೊಡ್ಡ ಡಾಕ್ಟರು. ಅವರು ಪ್ರಶಸ್ತಿ ಸಮಿತಿಯಲ್ಲೂ ಇದ್ದರು. ಮೊಗಸಾಲೆಯ ಕಿಟಕಿಯ ಬಳಿ ಕಾಫಿ ಕುಡಿಯುತ್ತ ನಿಂತಿದ್ದವರು ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಲೋಟ ಕೆಳಗಿಟ್ಟು ಅವಳ ಭುಜ ತಟ್ಟಿದರು.

"ನೋಡಮ್ಮಾ, ಒಂದು ಸಲ ತಪ್ಪಿದ್ರೆ ಏನೂ ಆಗಲ್ಲ. ನೀರು ಸ್ವಲ್ಪ ಕಮ್ಮಿ ಕುಡಿ. ಇಂಥ ಅವಕಾಶ ಮತ್ತೆ ಬರುತ್ತಾ?"

ತಾನು ಕೇಳಿದ್ದು ನಿಜವೇ ಎಂದು ಅವಳು ಅವರ ಮುಖವನ್ನೇ ನೋಡಿದಳು. ಅದೇ ಬಾಯಿ. ಮಗಳ ಮದುವೆ ದೊಡ್ಡದಲ್ಲ ಎಂದು ಡ್ರೈವರನನ್ನು ಗದರಿದ್ದ ಬಾಯಿಗೆ ಈಗ ಪ್ರಶಸ್ತಿಯ ಗಾಜಿನ ಫಲಕವೊಂದು ಪ್ರಾಣಕ್ಕಿಂತ ದೊಡ್ಡದಾಗಿ ಕಂಡಿತ್ತು. ಬುಧವಾರದಿಂದ ಸೋಮವಾರದವರೆಗೆ ಐದು ದಿನ ಯಂತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಅವರ ಹೆಸರೂ ಇರುವ ಪ್ರಬಂಧದ ಮೊದಲ ಪುಟದಲ್ಲೇ ಇತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅದನ್ನೇ ಅವರೆದುರು ಹೇಳಿಬಿಡಬೇಕೆನಿಸಿತು. ಆದರೆ ಇವರ ಸಹಿ ಇಲ್ಲದೆ ಮುಂದೆ ಅವಳ ಒಂದು ಕಾಗದವೂ ಅಲುಗಾಡುವುದಿಲ್ಲ. "ಸರಿ ಸರ್," ಎಂದು ಬಂದುಬಿಟ್ಟಳು, ಆ 'ಸರಿ'ಗಾಗಿ ತನ್ನ ಮೇಲೂ ಉರಿದುಕೊಳ್ಳುತ್ತ.

ಸಂಜೆ ಅಕ್ಕ ಸೀರೆ ಉಟ್ಟು ತಯಾರಾಗಿ ಕೇಳಿದಳು, "ಯಾವ ಕಡೆ?"

"ಆಸ್ಪತ್ರೆ ಕಡೆ. ಹೋಗ್ಲಿ, ರದ್ದು ಮಾಡ್ಲಿ." ಹೇಳುವಾಗ ಕಣ್ಣು ತುಂಬಿತು. ಎರಡು ವರ್ಷದ ಕೆಲಸ, ಡ್ರೈವರನ ಋಣ, ಎಲ್ಲ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿತ್ತು.

"ನೀನು ಹೋಗು. ನಿನ್ನ ಕುರ್ಚೀಲಿ ನಾನು ಕೂರ್ತೀನಿ," ಎಂದಳು ಅಕ್ಕ. "ಯಾರಿಗೆ ಕೊಡ್ತಾರೋ ಅವ್ರ ಮುಖ ನೋಡ್ಕೊಂಡು ಬರ್ತೀನಿ."

ಆಸ್ಪತ್ರೆಯ ಡಯಾಲಿಸಿಸ್ ಕೋಣೆ ಚಿಕ್ಕದು, ಗೋಡೆಯ ಬಣ್ಣ ಎದ್ದಿತ್ತು. ಆದರೆ ಯಂತ್ರಕ್ಕೆ ನೀರಿತ್ತು. ಸಿಸ್ಟರ್ ಅವಳ ಎಡಗೈಗೆ ಎರಡು ಸೂಜಿ ಚುಚ್ಚಿ ಕೊಳವೆ ಜೋಡಿಸಿದಳು. ಬಲಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದ ಮುದುಕಿ, ಎದುರಿಗೆ ಒಬ್ಬ ತರುಣ. ಮುದುಕಿ ಹೆಸರು ಕೇಳುವ ಮೊದಲೇ "ಎಷ್ಟು ಕೆಜಿ ತೆಗೀಬೇಕು ನಿಂದು?" ಎಂದು ಕೇಳಿದಳು. ಎಲ್ಲ ಊರಿನ ಡಯಾಲಿಸಿಸ್ ಕೋಣೆಯಲ್ಲೂ ಮೈಯಲ್ಲಿ ನಿಂತ ನೀರಿನ ಲೆಕ್ಕವೇ ಕುಶಲಪ್ರಶ್ನೆ. ಅವಳಿಗೆ ಮನೆಗೆ ಬಂದಷ್ಟು ಸಮಾಧಾನವಾಯಿತು.

ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ದಾಪುಗಾಲು ಹಾಕುತ್ತ ಒಳಗೆ ಬಂದಳು.

"ನಿನ್ನ ಪ್ರಶಸ್ತಿ ರದ್ದಾಗ್ಲಿಲ್ಲ ಕಣೇ."

"ಮತ್ತೆ?"

"ನಿನ್ನ ಹೆಸರು ಕೂಗಿದ್ರು. ನಾನು ಏಳೋದ್ರೊಳಗೆ, ನಿನ್ನ ಕುರ್ಚೀಲಿ ನನ್ನನ್ನ ನೋಡಿದ ನಿಮ್ಮ ದೊಡ್ಡ ಡಾಕ್ಟ್ರು ಎದ್ದು ಹೋಗಿ ಮೈಕ್ ಹಿಡ್ಕೊಂಡ್ರು. 'ನನ್ನ ಶಿಷ್ಯೆ ಈಗ ಡಯಾಲಿಸಿಸ್‌ನಲ್ಲಿದಾಳೆ. ಪ್ರಶಸ್ತಿ ಹೋದ್ರೆ ಹೋಗ್ಲಿ, ಒಂದು ಸರದಿ ತಪ್ಪಬಾರದು ಅಂತ ನಾನೇ ಕಳಿಸ್ದೆ' ಅಂದ್ರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ! ಆ ಮೂರು ಬ್ಯಾಡ್ಜಿನೋನು ಕಣ್ಣೊರ್ಸ್ಕೊಂಡ. ಆಮೇಲೆ ರದ್ದು ಅಂತ ಯಾರು ಹೇಳ್ತಾರೆ? ಫಲಕ ಅವ್ರೇ ಇಸ್ಕೊಂಡ್ರು. ಇಲ್ಲಿಗೇ ಬರ್ತಿದಾರೆ, ಫೋಟೋದವನನ್ನ ಕಟ್ಕೊಂಡು."

ಬಾಗಿಲಲ್ಲಿ ಆಗಲೇ ಬೂಟಿನ ಸದ್ದು. ದೊಡ್ಡ ಡಾಕ್ಟರು ಎರಡೂ ಕೈಯಲ್ಲಿ ಫಲಕ ಹಿಡಿದು, ಮುಖದ ತುಂಬ ನಗು ಹೊತ್ತು ಬಂದರು. ಹಿಂದೆ ಕ್ಯಾಮೆರಾದವನು. "ತಗೋಮ್ಮಾ, ಗೆದ್ದುಬಿಟ್ವಿ! ಅನುದಾನವೂ ಉಳೀತು. ಈ ಕಡೆ ತಿರುಗು, ಯಂತ್ರ ಕಾಣ್ಲಿ."

ಕ್ಯಾಮೆರಾದವನು ಹೇಳಿದ, "ವಿಡಿಯೋ ಆನ್ ಇದೆ ಮೇಡಂ. ಸರ್ ಬಗ್ಗೆ ಎರಡು ಮಾತು ಹೇಳಿ."

ಎಡಗೈ ಅಲುಗಿಸುವಂತಿರಲಿಲ್ಲ. ಬಲಗೈಯಲ್ಲಿ ಫಲಕ ತೆಗೆದುಕೊಂಡು ಅವಳು ತೊಡೆಯ ಮೇಲೆ ಬೋರಲು ಹಾಕಿದಳು. ಬೆಳಗ್ಗೆ ಹೇಳದೆ ಉಳಿದಿದ್ದ ಮಾತು ಈಗ ಸಲೀಸಾಗಿ ಬಂತು.

"ಇವತ್ತು ಬೆಳಗ್ಗೆ ಸರ್ ನನಗೆ ಒಂದು ಮಾತು ಹೇಳಿದ್ರು. ಒಂದು ಸಲ ಡಯಾಲಿಸಿಸ್ ತಪ್ಪಿದ್ರೆ ಏನೂ ಆಗಲ್ಲ, ಪ್ರಶಸ್ತಿ ತಗೋ ಅಂತ."

ದೊಡ್ಡ ಡಾಕ್ಟರ ನಗು ಅಲ್ಲೇ ನಿಂತುಹೋಯಿತು. "ಅದು... ಆ ಸಂದರ್ಭ ಬೇರೆ..."

ಅಷ್ಟರಲ್ಲಿ ಮುದುಕಿ ಕಂಬಳಿ ಸರಿಸಿ ತಲೆ ಎತ್ತಿದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಹೌದಾ ಡಾಕ್ಟ್ರೇ? ಏನೂ ಆಗಲ್ವಾ? ಸೋಮವಾರ ನನ್ನ ಮಗಳು ಹೊಸ ಮನೆಗೆ ಹೋಗ್ತಾಳೆ. ನಾನೂ ಹೋಗ್ಲಾ ಹಾಗಾದ್ರೆ?"

"ನನಗೂ ಸೋಮವಾರ ಇಂಟರ್‌ವ್ಯೂ ಇದೆ ಸರ್," ಎಂದ ಎದುರಿನ ತರುಣ. "ಇಲ್ಲಿ ಬಿಡಲ್ಲ ಅಂತಾರೆ. ನೀವೇ ಒಂದು ಮಾತು ಹೇಳಿಬಿಡಿ."

ಸಿಸ್ಟರ್ ಕೆಲಸ ನಿಲ್ಲಿಸಿ ಇವರತ್ತ ತಿರುಗಿದಳು. ಕ್ಯಾಮೆರಾದವನು ಯಾರನ್ನು ತೋರಿಸಬೇಕೆಂದು ತಿಳಿಯದೆ ದೊಡ್ಡ ಡಾಕ್ಟರ ಮುಖಕ್ಕೇ ಹಿಡಿದ. ಅವರು ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಮುದುಕಿಯನ್ನು ನೋಡಿದರು. ಆಕೆ ಆಸೆಯಿಂದ ಕಾಯುತ್ತಲೇ ಇದ್ದಳು.

"ಇಲ್ಲಮ್ಮ," ಎಂದರು ಕೊನೆಗೆ. "ಹಾಗೆಲ್ಲ ತಪ್ಪಿಸಬಾರದು."

"ಒಂದು ಸಲ ಅಷ್ಟೇ ಡಾಕ್ಟ್ರೇ."

"ಒಂದು ಸಲವೂ ಕೂಡದು."

"ಯಾಕೆ ಸರ್?" ಎಂದು ಕೇಳಿದವಳು ಅರ್ಧ ಡಾಕ್ಟ್ರು. ಮುಂದಿನ ಅನುದಾನದ ಕಾಗದಕ್ಕೂ ಇದೇ ಮನುಷ್ಯ ಸಹಿ ಹಾಕಬೇಕೆಂಬುದು ನೆನಪಿದ್ದೇ ಕೇಳಿದಳು. "ಜೋರಾಗಿ ಹೇಳಿ, ಅಜ್ಜಿಗೆ ಕೇಳಿಸ್ಲಿ."

ದೊಡ್ಡ ಡಾಕ್ಟರ ಕಿವಿ ಕೆಂಪಾಗಿತ್ತು.

"ಸತ್ತುಹೋಗ್ತಾರೆ," ಎಂದರು.

ಮುದುಕಿ ನಿಟ್ಟುಸಿರು ಬಿಟ್ಟು ಮತ್ತೆ ಕಂಬಳಿ ಎಳೆದುಕೊಂಡಳು. ಅರ್ಧ ಡಾಕ್ಟ್ರು ಫಲಕವನ್ನು ಎತ್ತಿ ಎದೆಗೆ ಹಿಡಿದು ಕ್ಯಾಮೆರಾದವನ ಕಡೆ ನೋಡಿದಳು.

"ಈಗ ಫೋಟೋ ತೆಗೀರಿ," ಎಂದಳು.