ತೂತಿಲ್ಲದ ಗುಂಡಿ

ಅತ್ತೆ ಗುಂಡಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಾಗ ಸೊಸೆ ಬಚ್ಚಲಲ್ಲಿ ಬಾಗಿ ನಿಂತು ಎದೆಹಾಲು ಹಿಂಡಿ ಚೆಲ್ಲುತ್ತಿದ್ದಳು. ಗುಂಡಿಗಳು ಜರಜರನೆ ಬಿದ್ದ ಸದ್ದಿಗೆ ಅವಳ ಕೈ ನಿಂತಿತು. ಹೆಗಲ ಮೇಲೆ ಟವೆಲು ಎಳೆದುಕೊಂಡು ಹೊರಗೆ ಓಡಿಬಂದಳು.

ಹೊಲಿಗೆ ಯಂತ್ರದ ಪಕ್ಕ, ಹೊಸ್ತಿಲಲ್ಲಿ ಬಸ್ ಕಂಡಕ್ಟರು ಬನಿಯನ್ನಿನಲ್ಲಿ ಕೂತಿದ್ದ. ಅವನ ಅಂಗಿ ಅತ್ತೆಯ ತೊಡೆಯ ಮೇಲಿತ್ತು.

"ಬೇಗ ಅಜ್ಜಿ. ಗುಂಡಿಗೋಸ್ಕರ ಕಾಯೋನಲ್ಲ ನಮ್ಮ ಡ್ರೈವರು, ಬಿಟ್ಟೇ ಹೋಗ್ತಾನೆ."

"ಹೋಗ್ಲಿ ಬಿಡು. ಜನ ಟಿಕೆಟ್ಟಿಲ್ದೆ ಓಡಾಡ್ಲಿ, ಪುಣ್ಯ ನಿನ್ನ ಲೆಕ್ಕಕ್ಕೇ ಬರ್ತದೆ," ಎನ್ನುತ್ತ ಅತ್ತೆ ಬಿಳಿಯದೊಂದನ್ನು ಆರಿಸಿ ಹೆಬ್ಬೆರಳಲ್ಲಿ ಸವರಿದಳು. ಅವಳ ಕಣ್ಣು ಮಂದ. ಗುಂಡಿ ಆರಿಸುವುದೆಲ್ಲ ಬೆರಳಿನದೇ ಕೆಲಸ. "ಇದೇನಿದು, ತೂತೇ ಇಲ್ವಲ್ಲ! ಯಾವ ಪುಣ್ಯಾತ್ಮ ಮಾಡಿದ್ದು ಈ ಗುಂಡೀನ?"

ಕಂಡಕ್ಟರು ಬಗ್ಗಿ ನೋಡಿ ಗಹಗಹಿಸಿದ. "ಅಜ್ಜಿ, ಅದು ಮಾತ್ರೆ! ನನ್ನ ಅಂಗಿಗೆ ಮಾತ್ರೆ ಹೊಲಿದುಬಿಡ್ತಿದ್ರಿ. ಯಾರದು?"

ಸೊಸೆಯ ಕಿವಿ ಬಿಸಿಯಾಯಿತು. ಹೆರಿಗೆಯಾದ ಮೇಲೆ ಅವಳ ಮನಸ್ಸಿಗೆ ಮಂಕು ಕವಿದಿತ್ತು. ಮಗು ಅತ್ತರೂ ಏಳದೆ ಗೋಡೆ ನೋಡುತ್ತ ಕೂರುತ್ತಿದ್ದಳು. ಗಂಡ ಡಾಕ್ಟರಮ್ಮನ ಹತ್ತಿರ ಕರೆದೊಯ್ದಿದ್ದ. ಅವರು ಬರೆದುಕೊಟ್ಟ ಮಾತ್ರೆಗಳಿವು. ಮಾತ್ರೆಯ ಪಟ್ಟಿ ಚರಚರ ಸದ್ದು ಮಾಡಿ ಅತ್ತೆಗೆ ತಿಳಿದೀತೆಂದು ಎಲ್ಲವನ್ನೂ ಬಿಡಿಸಿ, ಅತ್ತೆ ಅಪರೂಪಕ್ಕೆ ತೆಗೆಯುವ ಈ ಹಳೇ ಡಬ್ಬಿಯ ಬಿಳಿ ಗುಂಡಿಗಳ ನಡುವೆ ಬೆರೆಸಿಟ್ಟಿದ್ದಳು.

ಅತ್ತೆ ತಲೆಯೆತ್ತಿ ಸೊಸೆಯ ಕಡೆ ನೋಡಿದಳು.

"ನಂದೇ ಕಣಪ್ಪ. ಬಿ.ಪಿ. ಮಾತ್ರೆ. ವಯಸ್ಸಾಯ್ತು, ಎಲ್ಲಿ ಏನಿಡ್ತೀನೋ ದೇವರಿಗೇ ಗೊತ್ತು. ನೀನು ಟೀ ಕುಡ್ಕೊಂಡು ಬಾ, ಅಷ್ಟರಲ್ಲಿ ಹಾಕಿಟ್ಟಿರ್ತೀನಿ."

ಕಂಡಕ್ಟರು ಬನಿಯನ್ನಿನಲ್ಲೇ ಎದ್ದುಹೋದ. ಸೊಸೆ ನಿಂತಲ್ಲೇ ನಿಂತಿದ್ದಳು. ಹೊಲಿಗೆಯವಳಾಗಿಯೂ 'ನಾಳೆ ಕೊಡ್ತೀನಿ' ಎಂದು ಯಾರಿಗೂ ಸುಳ್ಳು ಹೇಳದ ಜೀವ ಅತ್ತೆಯದು.

"ನಿನಗೋಸ್ಕರ ಸುಳ್ಳು ಹೇಳ್ದೆ," ಎಂದಳು ಅತ್ತೆ. "ಯಾವುದಕ್ಕೆ ಇದು?"

"ಮನಸ್ಸಿಗೆ." ಆ ಒಂದು ಮಾತು ಹೇಳಿ ಸೊಸೆ ನೆಲ ನೋಡಿದಳು.

"ನನ್ನ ಮಗನಿಗೆ ಗೊತ್ತಾ?"

"ಗೊತ್ತು."

"ಹಾಗಾದ್ರೆ ಈ ಮನೇಲಿ ನಾನೊಬ್ಬಳೇ ಹೊರಗಿನವಳು." ಅತ್ತೆ ಬೆರಳಾಡಿಸುತ್ತ ತೂತಿಲ್ಲದವನ್ನು ಒಂದೊಂದಾಗಿ ಬದಿಗಿಟ್ಟಳು. "ಹಾಲು ಸಾಲ್ತಿಲ್ಲ ಅಂತಿದ್ದೆ. ನಾನೂ ಬಾಟಲಿ ತೊಳೆದು ತೊಳೆದು ಕೊಟ್ಟೆ."

ಸೊಸೆಯ ಟವೆಲಿನಡಿ ರವಿಕೆ ಒದ್ದೆಯಾಗುತ್ತಿತ್ತು. "ಸಾಲ್ತಿತ್ತು ಅತ್ತೆ. ಮಾತ್ರೆ ಶುರು ಮಾಡಿದ ಮೇಲೆ ಎಲ್ಲಾನೂ ಹಿಂಡಿ ಬಚ್ಚಲಿಗೆ ಚೆಲ್ತಿದ್ದೆ."

ಅತ್ತೆಯ ಬೆರಳು ನಿಂತಿತು. "ಡಾಕ್ಟರಮ್ಮ ಚೆಲ್ಲು ಅಂದ್ರಾ?"

"ಇಲ್ಲ. ಈ ಮಾತ್ರೆ ಹಾಲಿಗೆ ಹೋಗೋದು ಬಹಳ ಕಮ್ಮಿ, ಕುಡಿಸು ಅಂದ್ರು. ಮಗು ಸರಿಯಾಗಿ ಕುಡೀದಿದ್ರೆ, ತುಂಬಾ ನಿದ್ದೆ ಮಾಡಿದ್ರೆ ತಕ್ಷಣ ಕರ್ಕೊಂಡು ಬಾ ಅಂದ್ರು."

"ಮತ್ತೆ ಯಾಕೆ ಚೆಲ್ದೆ?"

"ನನ್ನ ಹಾಲಲ್ವಾ, ನನ್ನ ಮಂಕೂ ಅದಕ್ಕೆ ಹೋಗಿಬಿಟ್ರೆ ಅಂತ... ಮಗು ಮುಖ ನೋಡೋಕೆ ನಾಚಿಕೆ ಆಗ್ತಿತ್ತು."

ಒಳಗೆ ಮಗು ಎದ್ದು ಅಳತೊಡಗಿತು. ಅತ್ತೆ ಮಂಡಿ ಹಿಡಿದು ಎದ್ದು, ಅಭ್ಯಾಸಬಲದಿಂದ ಶೆಲ್ಫಿನ ಬಾಟಲಿಗೆ ಕೈಹಾಕಿದಳು. ಒಂದು ಗಳಿಗೆ ಹಿಡಿದು ನಿಂತು, ಅದನ್ನು ಬೋರಲು ಮಾಡಿಟ್ಟಳು. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು.

"ಇವತ್ತಿನ ಮಾತ್ರೆ ಆಯ್ತಾ?"

"ಇನ್ನೂ ಇಲ್ಲ. ಹಿಂಡಿ ಮುಗಿಸಿ ನುಂಗೋಣ ಅಂತಿದ್ದೆ."

ಅತ್ತೆ ಬದಿಗಿಟ್ಟ ರಾಶಿಯಿಂದ ಒಂದನ್ನೆತ್ತಿ, ಮತ್ತೊಮ್ಮೆ ಸವರಿ ನೋಡಿ, ನೀರಿನ ಲೋಟದ ಜೊತೆ ಕೊಟ್ಟಳು. "ಗುಂಡಿ ನುಂಗೀಯೆ, ನೋಡ್ಕೋ." ಸ್ವರದಲ್ಲಿ ಮುನಿಸು ಇನ್ನೂ ಇತ್ತು. "ನಾಳೆ ನಾನೂ ಬರ್ತೀನಿ ಡಾಕ್ಟರಮ್ಮನ ಹತ್ರ. ನನ್ನ ಕಿವೀಲೇ ಕೇಳ್ಬೇಕು."

ಸೊಸೆ ಇನ್ನೊಬ್ಬರೆದುರು ಮೊದಲ ಸಲ ಮಾತ್ರೆ ನುಂಗಿದಳು. ಚಾಪೆಯ ತುದಿಯಲ್ಲಿ ಕೂತು ಮಗುವನ್ನು ಎದೆಗೆ ಹಚ್ಚಿದಳು. ಅದು ತಡವರಿಸಿ, ಮೂತಿ ತಿರುಗಿಸಿ, ಆಮೇಲೆ ಗಟ್ಟಿಯಾಗಿ ಹಿಡಿಯಿತು. ಅವಳು ಮಾತ್ರ ಗೋಡೆಯ ಕಡೆ ನೋಡುತ್ತಿದ್ದಳು.

ಅತ್ತೆ ಅಂಗಿ ಹರಡಿಕೊಂಡು ಸೂಜಿಯ ಕಣ್ಣಿಗೆ ದಾರ ತೂರಿಸಲು ನೋಡಿದಳು, ಹೋಗಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲೂ ಇಲ್ಲ. ಕೊನೆಗೆ ಹತ್ತಿರ ಸರಿದು ಕೂತಳು.

"ಪೋಣಿಸು. ಅವನು ಬಂದುಬಿಡ್ತಾನೆ."

ಸೊಸೆಯ ಒಂದು ಕೈ ಮಗುವಿನ ತಲೆಯಡಿ ಇತ್ತು. ಅತ್ತೆ ಸೂಜಿಯನ್ನು ಅಲುಗದಂತೆ ಹಿಡಿದಳು. ಇನ್ನೊಂದು ಕೈಯಲ್ಲಿ ದಾರ ಹಿಡಿದ ಸೊಸೆ ಗೋಡೆಯಿಂದ ಕಣ್ಣು ತೆಗೆದು ಮುಖ ತಗ್ಗಿಸಿದಳು. ಸೂಜಿಯ ಆಚೆ, ಮಗು ಕಣ್ಣುಬಿಟ್ಟು ಅವಳನ್ನೇ ನೋಡುತ್ತ ಕುಡಿಯುತ್ತಿತ್ತು.