ಬೋರಯ್ಯನವರ ಡೋಜರಿನ ಚೇಂಬರು

ಹೊಣಕೆರೆಯ ಆಚೆ ಒಂದು ಕೆರೆಯಂಗಳದಲ್ಲಿ ಬೋರಯ್ಯನವರ ಡೋಜರು ಕೆಟ್ಟು ನಿಂತು ವಾರವಾಗಿತ್ತು. ಇಂಜಿನ್ನಿನಲ್ಲಿ ಟಕಟಕ ಸದ್ದು, ಆಯಿಲ್ ಪ್ರೆಶರಿನ ಮುಳ್ಳು ಏಳುತ್ತಿಲ್ಲ ಅಂತ ಫೋನು ಬಂದಿತ್ತು. ಗಂಜಾಂನ ನಮ್ಮ ಶೆಡ್ಡಿನಿಂದ ಸ್ಪ್ಯಾನರು, ಜಾಕು ಹೇರಿಕೊಂಡು ಹೋದೆ. ಗಾಡಿಯಿಂದ ಇಳಿದ ನನ್ನನ್ನು ಬೋರಯ್ಯ ಒಮ್ಮೆ ನೋಡಿ, ನನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರಾ ಅಂತ ರಸ್ತೆ ನೋಡಿದರು.

"ಮೆಕ್ಯಾನಿಕ್ಕು ಎಲ್ಲವ್ವ?"

"ನಾನೇ. ಭೂಮಿಕ, ಸುಬ್ರಹ್ಮಣ್ಯಾಚಾರ್ ಮಗಳು. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ."

"ಆಚಾರಿಗೆ ಗಂಡು ಮಕ್ಕಳಿಲ್ವೇನೋ, ಪಾಪ," ಅಂದರು ಪಕ್ಕದವರ ಕಡೆ ತಿರುಗಿ.

ಪಕ್ಕದಲ್ಲಿ ಇಸ್ತ್ರಿ ಅಂಗಿಯ ಕುಮಾರ್ ಇದ್ದ, ಬೋರಯ್ಯನವರ ತಮ್ಮನ ಮಗ. ಡೋಜರಿನ ಉಸ್ತುವಾರಿಯೆಲ್ಲ ಅವನದೇ. ಆಚೆಗೆ ಮರದ ನೆರಳಲ್ಲಿ ಚಿಕ್ಕಯ್ಯ, ಡೋಜರು ಓಡಿಸುವ ಮುದುಕ. ಉಳಿದವರು ಕೆಲಸವಿಲ್ಲದ ನಾಲ್ಕು ಜನ. ಇಂಥ ಕಡೆ ನಾಲ್ಕು ಜನ ಇದ್ದೇ ಇರುತ್ತಾರೆ, ನಾಲ್ವರಿಗೂ ಇಂಜಿನ್ನಿನ ವಿಷಯ ತಿಳಿದಿರುತ್ತದೆ.

ಚೇಂಬರು ಅಂದರೆ ಇಂಜಿನ್ನಿನ ತಳಕ್ಕೆ ಬೋಲ್ಟಿನಿಂದ ಕಚ್ಚಿಸಿದ, ಎಣ್ಣೆ ನಿಲ್ಲುವ ದೊಡ್ಡ ತೊಟ್ಟಿ. ಅದನ್ನು ಇಳಿಸದೆ ಒಳಗಿನ ಬೇರಿಂಗು ಕಾಣುವುದಿಲ್ಲ. ತಳದ ಕವಚ ಬಿಚ್ಚಿ, ಎಣ್ಣೆ ಇಳಿಸಿ, ಮೂವತ್ತು ಬೋಲ್ಟನ್ನೂ ತೆಗೆದು ಎಣಿಸಿಟ್ಟೆ. ಚೇಂಬರು ಅಲ್ಲಾಡಲಿಲ್ಲ. ಮರದ ತುಂಡಿಟ್ಟು ಸುತ್ತಲೂ ಬಡಿದೆ. ಅಂಚಿನಲ್ಲಿ ತೆಳು ಪಟ್ಟಿ ತೂರಿಸಿ, ಯಾರೋ ದೋಸೆ ಹಿಟ್ಟಿನಂತೆ ಬಳಿದಿದ್ದ ಗಮ್ಮನ್ನು ಕೊಯ್ದೆ. ಬಲಗಡೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಎಡಗಡೆ ಕಲ್ಲು.

"ಸುತ್ತಿಗೇಲಿ ಬಾರ್ಸಬೇಕು, ಇಂಗೆ ಸವರುದ್ರೆ ಆಯ್ತದಾ?" ಅಂದ ಒಬ್ಬ.

"ರೊಟ್ಟಿ ತಟ್ದಂಗೆ ತಟ್ತಾವ್ಳೆ ಕಣ್ಲಾ," ಅಂದ ಇನ್ನೊಬ್ಬ. ಎಲ್ಲರಿಗಿಂತ ಜೋರಾಗಿ ಕುಮಾರ್ ನಕ್ಕ.

ಚಿಕ್ಕಯ್ಯ ಎದ್ದು ಬಂದು ಬಗ್ಗಿದ. "ಅವ್ವ, ಎಡಗಡೆ ಇಂದ್ಲ ಮೂಲೇಲಿ ಒಸಿ..."

"ನೀವೂ ಶುರು ಮಾಡಬೇಡಿ," ಅಂದೆ. "ಹೋಗಿ ಕೂತ್ಕಳಿ."

ಅವನು ಹೋಗಿ ಕೂತ.

ಮತ್ತೆರಡು ಗಂಟೆ ಬೆನ್ನಡಿ ಕೆಸರು, ಮುಖದ ಮೇಲೆ ಎಣ್ಣೆ. ಡಿಪ್ಲೊಮಾ ಓದಿದ ಹುಡುಗಿ ಮಲಗಿದ್ದಾಳೆ ಅಂತ ಅವರಿಗೆ ಟೀ ತರಿಸಿಕೊಳ್ಳುವಷ್ಟು ಖುಷಿ. ಸಾಕಾಗಿ, ಹಿಂದಿನ ಎಡ ಮೂಲೆಗೆ ಟಾರ್ಚು ಹಿಡಿದೆ. ಅಲ್ಲಿ ಹಳದಿ ಬಣ್ಣ ಮಿಕ್ಕ ಕಡೆಗಿಂತ ಹೊಸದಾಗಿತ್ತು. ಉಗುರಿನಲ್ಲಿ ಕೆರೆದೆ. ಬಣ್ಣದಡಿ ವೆಲ್ಡಿಂಗಿನ ಗಂಟು. ಒಂದಲ್ಲ, ಮೂರು. ಎಣ್ಣೆ ಸೋರುವುದು ನಿಲ್ಲಲಿ ಅಂತ ಯಾವನೋ ಚೇಂಬರನ್ನು ಇಂಜಿನ್ನಿಗೇ ಬೆಸೆದು, ಮೇಲೆ ಬಣ್ಣ ಹೊಡೆದಿದ್ದ.

ಹೊರಗೆ ಬಂದೆ. "ಇದನ್ನ ವೆಲ್ಡ್ ಮಾಡಿದ್ದು ಯಾರು?"

ಕುಮಾರ್ ಫೋನು ನೋಡುತ್ತಿದ್ದ.

"ನಾನೇ ಮಾಡಿಸ್ದೆ," ಅಂದ ಕೊನೆಗೆ. "ಸೋರ್ತಿತ್ತು. ಏನಿವಾಗ?"

ನಾನು ಒದ್ದಾಡುವುದನ್ನು ಬೆಳಗಿನಿಂದ ನೋಡುತ್ತಾ ನಿಂತಿದ್ದ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೋರಯ್ಯ ಅವನನ್ನು ಬೈದಾರು ಅಂದುಕೊಂಡೆ. "ಅಂಗಾರೂ ಒಂದು ವರ್ಸ ಓಡ್ತಲ್ಲ, ತಲೆ ಐತೆ ನಮ್ಮುಡ್ಗಂಗೆ," ಅಂದರು.

ಚಿಕ್ಕಯ್ಯನ ಹತ್ತಿರ ಹೋದೆ. "ನೀವು ಅದನ್ನೇ ಹೇಳೋಕೆ ಬಂದಿದ್ರಿ. ತಪ್ಪಾಯ್ತು."

"ಬುಡವ್ವ," ಅಂದ ಮುದುಕ. ಮುಖ ಎತ್ತಲಿಲ್ಲ. "ನೀನೂವೆ ಅವ್ರಂಗೇಯ."

ಆ ದಿನ ಅಷ್ಟು ಜನ ಆಡಿದ ಮಾತಿನಲ್ಲಿ ನನಗೆ ಚುಚ್ಚಿದ್ದು ಅದೊಂದೇ. ಮತ್ತೆ ಡೋಜರಿನಡಿ ತೂರಿದೆ.

ಎಣ್ಣೆಯ ಪಸೆಯಿದ್ದ ಕಡೆ ಕಿಡಿ ಹಾರಿಸುವ ಗ್ರೈಂಡರು ಹಚ್ಚುವ ಹಾಗಿಲ್ಲ. ಗರಗಸದ ಬ್ಲೇಡಿಗೆ ಬಟ್ಟೆ ಸುತ್ತಿ ಮೂರು ಗಂಟನ್ನೂ ಒಂದೊಂದಾಗಿ ಕೊಯ್ದೆ. ಮೂರನೆಯದು ಬಿಡುತ್ತಲೇ ಚೇಂಬರು ನಿಟ್ಟುಸಿರು ಬಿಟ್ಟ ಹಾಗೆ ಜಾಕಿನ ಮೇಲೆ ಕೂತಿತು. ಇಳಿಸಿ ಬಿಸಿಲಿಗೆ ಎಳೆದೆ. ತಳದ ಕಪ್ಪು ಮಡ್ಡಿಯಲ್ಲಿ ತಾಮ್ರದ ಬಣ್ಣದ ಚೂರುಗಳು ಮಿನುಗಿದವು. ಬೇರಿಂಗುಗಳು ಸವೆದು ಉದುರಿಹೋಗಿದ್ದವು.

"ಇಂಜಿನ್ ಪೂರ್ತಿ ಬಿಚ್ಚಬೇಕು," ಅಂದೆ.

ಬೋರಯ್ಯ ನನ್ನನ್ನು ಪಕ್ಕಕ್ಕೆ ಕರೆದರು. ದನಿ ಈಗ ಜೇನು. "ನೋಡವ್ವ, ನಾಳೀಕೆ ಪಾಂಡವಪುರದೋರು ಇದ್ನ ತಕ್ಕಳಕೆ ಬತ್ತವ್ರೆ. ಚೇಂಬರ್ ಎತ್ತಿ ಕಟ್ಬುಡು. ಮಂದನೆ ಎಣ್ಣೆ ಉಯ್ದ್ರೆ ಸದ್ದು ಬರಕಿಲ್ಲ ಅಂತಾನೆ ಕುಮಾರ. ನಮ್ ನಮ್ಮಲ್ಲೇ ಇರ್ಲಿ."

"ನಿಮ್ಮ ನಿಮ್ಮಲ್ಲೇ ಇಟ್ಕಳಿ. ನಾನು ಕಟ್ಟಲ್ಲ."

"ಈ ಹೋಬಳೀಲಿ ಇನ್ನೊಂದು ಕೆಲ್ಸ ಸಿಕ್ಕಕಿಲ್ಲ ನಿಂಗೆ!"

"ಇಂಥ ಕೆಲಸ ಸಿಗದೇ ಇರೋದೇ ವಾಸಿ," ಅಂದು ಬುತ್ತಿ ಬಿಚ್ಚಿ ಏರಿಯ ಮೇಲೆ ಕೂತೆ.

ಕುಮಾರ್ ಅಂಗಿಯ ತೋಳು ಮಡಚಿ, ಚೇಂಬರನ್ನು ಎಳೆದುಕೊಂಡು ಡೋಜರಿನಡಿ ತೂರಿದ. ಚೇಂಬರು ಎತ್ತಲು ಒಬ್ಬನಿಂದ ಆಗುವುದಿಲ್ಲ. ಆ ನಾಲ್ವರನ್ನು ಕರೆದ. ಒಬ್ಬನಿಗೆ ಹಾಲಿನ ಡೇರಿಗೆ ಹೊತ್ತಾಗಿತ್ತು, ಇನ್ನೊಬ್ಬನಿಗೆ ಸೊಂಟ ನೋವು. ಮಿಕ್ಕಿಬ್ಬರಿಗೆ ಕಿವಿ ಕೇಳಿಸಲಿಲ್ಲ. ಚಿಕ್ಕಯ್ಯನನ್ನು ಕರೆದಾಗ ಆತ ಡೋಜರಿನ ಕೀಲಿಯನ್ನು ಸೀಟಿನ ಮೇಲಿಟ್ಟು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಊರ ಕಡೆ ನಡೆದ. ಕುಮಾರ್ ಒಬ್ಬನೇ ಎರಡು ಸಲ ಎತ್ತಲು ನೋಡಿದ. ಎರಡನೆಯ ಸಲ ಮಡ್ಡಿಯೆಲ್ಲ ಅವನ ಇಸ್ತ್ರಿ ಅಂಗಿಯ ಮೇಲೆ ಬಂತು. ನಾನು ಮುದ್ದೆ ಮುಗಿಸಿ ಕೈ ತೊಳೆದೆ.

ಪಾಂಡವಪುರದವರು ಮರುದಿನ ಬಂದು, ನೆಲದ ಮೇಲಿದ್ದ ಚೇಂಬರು ನೋಡಿ ಹಾಗೇ ಹೋದರಂತೆ. ಎಂಟನೆಯ ದಿನ ಡೋಜರು ಟ್ರೇಲರಿನ ಮೇಲೆ ನಮ್ಮ ಗಂಜಾಂ ಶೆಡ್ಡಿಗೆ ಬಂತು. ಹೋಬಳಿಯಲ್ಲಿ ಕೆಲಸ ಸಿಗದ ಹಾಗೆ ಮಾಡುತ್ತೇನೆ ಅಂದವರೇ ಮುಂದಿನ ಸೀಟಿನಲ್ಲಿ ಕೂತು ತಂದರು. ಬಂದವರು ಅಪ್ಪನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, "ವೆಲ್ಡಿಂಗು ಅಂತ ನಂಗೆ ಮೊದ್ಲೇ ಡೌಟಿತ್ತು ಆಚಾರ್ರೇ, ನಾನೇ ತೋರಿಸ್ದೆ ಮಗೀಗೆ," ಅಂದರು.

ಅಪ್ಪ ನನ್ನ ಕಡೆ ನೋಡಿದರು. ನಾನು ಸಿಲಿಂಡರ್ ಹೆಡ್ಡಿನ ಮೊದಲ ನಟ್ಟಿಗೆ ಸ್ಪ್ಯಾನರು ಹಾಕಿದೆ.